ಚರಂಡಿ ಹುಳದ ಮೇಷ್ಟ್ರು

ಅವರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಸದಾ ಕೆಂಪಗಿರುತ್ತಿದ್ದವು. ಎಲೆಅಡಿಕೆ ಹಾಕುವವರ ಕೆಂಪಲ್ಲ. ಬೀಟ್‌ರೂಟು ಹೆಚ್ಚಿದ ಕೈಯಂಥ, ಉಗುರಿನ ಸಂದಿಯಲ್ಲಿ ಕಪ್ಪಿಗೆ ತಿರುಗಿದ ಕೆಂಪು. ಹತ್ತಿರ ಬಂದರೆ ವಿನೆಗರಿನ ಹುಳಿ ವಾಸನೆ. ಮಂಡ್ಯದ ಕಾಲೇಜಿಗೆ ಸೇರಿದ ಮೊದಲ ವಾರ, ಈ ಮನುಷ್ಯ ಮನೆಯಲ್ಲಿ ಉಪ್ಪಿನಕಾಯಿ ವ್ಯಾಪಾರ ಇಟ್ಟುಕೊಂಡಿರಬೇಕು ಎಂದು ನಾನೂ ಪಕ್ಕದಲ್ಲಿ ಕೂರುವ ಹುಡುಗಿಯೂ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಿದ್ದೆವು. ಅವರು ನಮಗೆ ಪ್ರಾಣಿಶಾಸ್ತ್ರ ಹೇಳುವ ಮೇಷ್ಟ್ರು. ಆ ಕೆಂಪು, ಹುಳದ ಕರುಳನ್ನೋ ಗ್ರಂಥಿಯನ್ನೋ ಗಾಜಿನ ಚೂರಿನ ಮೇಲಿಟ್ಟು, ವಿನೆಗರಿನಂಥ ಆಮ್ಲದಲ್ಲಿ ಕರಗಿಸಿದ ಬಣ್ಣ ಹಾಕಿ ಹೆಬ್ಬೆರಳಿನಿಂದ ಒತ್ತಿ ಒತ್ತಿ ಹತ್ತಿದ್ದು ಎಂದು ಆಮೇಲೆ ತಿಳಿಯಿತು.

ಪೇಟೆಯ ದೇವಸ್ಥಾನದ ಪೂಜೆಯ ಮನೆತನದವರು. ಅವರ ಅಣ್ಣ ಮಂತ್ರ ಹೇಳಿಕೊಂಡಿದ್ದರು, ಇವರು ಹುಳ ಹಿಡಿಯುತ್ತಿದ್ದರು. ಆಳು ಎತ್ತರ, ಅಂಗಿ ಯಾವಾಗಲೂ ಒಂದು ಗುಂಡಿ ತಪ್ಪಿಸಿ ಹಾಕಿಕೊಂಡದ್ದು.

ಪಾಠ ಮಾಡುವ ರೀತಿ ಇನ್ನೂ ವಿಚಿತ್ರ. ಉಳಿದ ಮೇಷ್ಟ್ರುಗಳು ನೋಟ್ಸ್ ಬರೆಸುತ್ತಿದ್ದರು, ನಾವು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಕಕ್ಕುತ್ತಿದ್ದೆವು, ಇಬ್ಬರಿಗೂ ನೆಮ್ಮದಿ. ಇವರು ಹಲಗೆಯ ಮೇಲೆ ಒಂದು ವಾಕ್ಯ ಬರೆಯುತ್ತಿದ್ದರು. ಹಿಂದೆ ಸರಿದು ನಿಂತು ಅದನ್ನು ತಾವೇ ಓದುತ್ತಿದ್ದರು. ಆಮೇಲೆ, "ಇರಿ, ಇರಿ. ಇದು ಸರಿನಾ?" ಎಂದು ನಮ್ಮನ್ನೇ ಕೇಳಿ, ಅಳಿಸಿಬಿಡುತ್ತಿದ್ದರು. ಬರೆದುಕೊಂಡವರು ಬರೆದುಕೊಂಡದ್ದನ್ನು ಹೊಡೆದುಹಾಕಬೇಕು. ಹೊಡೆದು ಹಾಕಿದ ಮೇಲೆ, "ಪೂರ್ತಿ ತಪ್ಪು ಅಂತಲೂ ಅಲ್ಲ ಅನ್ನಿ" ಎನ್ನುತ್ತಿದ್ದರು. ಗಂಟೆ ಹೊಡೆಯುವ ಹೊತ್ತಿಗೆ ನಮ್ಮ ತಲೆ ಕಲಸಿದ ಅನ್ನ.

ಅವರನ್ನು ಹಗಲೂ ರಾತ್ರಿ ಕಾಡುತ್ತಿದ್ದುದು ಒಂದೇ ವಿಷಯ. ನಮ್ಮಲ್ಲಿ ಬಹುಪಾಲು ಜನ ಜಮೀನಿನವರ ಮಕ್ಕಳೆಂದು ಗೊತ್ತಿದ್ದರಿಂದಲೋ ಏನೋ, ಅದನ್ನು ಆಸ್ತಿಯ ಲೆಕ್ಕದಲ್ಲೇ ಹೇಳುತ್ತಿದ್ದರು.

"ಮೊದಲು ಇರೋದು ಒಂದೇ ಒಂದು ಜೀವಕೋಶ. ಅದೇ ಎರಡಾಗುತ್ತೆ, ನಾಲ್ಕಾಗುತ್ತೆ, ಎಂಟಾಗುತ್ತೆ. ಪ್ರತಿಯೊಂದಕ್ಕೂ ಅಪ್ಪ ಅಮ್ಮನಿಂದ ಬಂದ ಆಸ್ತಿ ಪೂರ್ತಿ ಸಿಗುತ್ತೆ. ನಿಮ್ಮ ಮನೆ ಪಾಲಿನ ಹಾಗಲ್ಲ, ಒಂದು ಗುಂಟೆನೂ ಕಡಿಮೆ ಇಲ್ಲ. ಹಾಗಿದ್ಮೇಲೆ ಒಂದು ಕೋಶ ಕಣ್ಣಾಗಿ, ಇನ್ನೊಂದು ಹಿಮ್ಮಡಿ ಆಗೋದು ಹೇಗೆ? ಕಣ್ಣಿನ ಹತ್ತಿರನೂ ಹಿಮ್ಮಡಿಯ ಆಸ್ತಿ ಇದೆಯಲ್ಲ. ಅದು ಯಾಕೆ ಸುಮ್ಮನಿದೆ? ಯಾರು ಸುಮ್ಮನಿರಿಸಿದ್ದು?"

ಕೊನೆಗೆ ಒಬ್ಬ ಹುಡುಗ ಧೈರ್ಯ ಮಾಡಿ, "ಯಾರು ಸಾರ್?" ಎಂದರೆ, "ಗೊತ್ತಿಲ್ಲಪ್ಪ" ಎಂದು ಕೈ ಕೊಡವಿ ಹೊರಟುಬಿಡುತ್ತಿದ್ದರು. ಮುಂದಿನ ಬೆಂಚಿನ ಹುಡುಗರು ಪ್ರಿನ್ಸಿಪಾಲರಿಗೆ ದೂರು ಕೊಟ್ಟರು: ಇವರ ಪಾಠ ಕೇಳಿದರೆ ಮೊದಲು ಗೊತ್ತಿದ್ದದ್ದೂ ಮರೆತುಹೋಗುತ್ತದೆ ಎಂದು. ಪ್ರಿನ್ಸಿಪಾಲರು ಕರೆಸಿ ಕೇಳಿದಾಗ ಮೇಷ್ಟ್ರು, "ಹುಡುಗರಿಗೆ ಗೊಂದಲ ಆಗಿದೆ ಅಂದ್ರೆ ಕೇಳಿಸ್ಕೊಂಡಿದಾರೆ ಅಂತ ಆಯ್ತಲ್ಲ ಸಾರ್, ಸಂತೋಷ" ಎಂದು ಹೇಳಿ ಬಂದರಂತೆ.

ಅವರ ಹುಳ ಸಿಗುತ್ತಿದ್ದುದು ಚರಂಡಿಯಲ್ಲಿ. ದಾರದ ತುಂಡಿನಂಥ ಕೆಂಪು ಹುಳ, ನಿಂತ ನೀರಿನ ಕೆಸರಿನಲ್ಲಿ ಬಳುಕುತ್ತಿರುತ್ತದೆ. ಮುಂದೆ ಕಚ್ಚದ ಒಂದು ಬಗೆಯ ಸೊಳ್ಳೆಯಂಥದ್ದಾಗಿ ಹಾರಿಹೋಗುತ್ತದೆ. ಮೇಷ್ಟ್ರು ಬೆಳಗ್ಗೆ ಟೀ ಸೋಸುವ ಜಾಲರಿ, ಒಂದು ಹಾರ್ಲಿಕ್ಸ್ ಶೀಶೆ ಹಿಡಿದು, ಪ್ಯಾಂಟು ಮೊಣಕಾಲಿಗೆ ಮಡಚಿ ಚರಂಡಿಯ ಪಕ್ಕ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಒಂದು ಸಲ ಆ ಬೀದಿಯ ಹೆಂಗಸೊಬ್ಬಳು ಇವರು ಮಲೇರಿಯಾ ಇಲಾಖೆಯವರೆಂದು ತಿಳಿದು, "ನಮ್ಮನೆ ಹಿಂದ್ಗಡೆ ಯಾವಾಗ ಔಸ್ದಿ ಹೊಡೀತೀರಿ? ಮಕ್ಕಳು ರಾತ್ರಿಯೆಲ್ಲ ನಿದ್ದೆ ಮಾಡಕ್ಕಿಲ್ಲ" ಎಂದು ದಬಾಯಿಸಿದಳು. ನಾನಲ್ಲಮ್ಮ ಎನ್ನುವುದು ಇವರಿಗೆ ತೋಚಲಿಲ್ಲ. "ನಾಳೆ ನೋಡೋಣ" ಎಂದುಬಿಟ್ಟರು. ಮಾತು ಕೊಟ್ಟಾಯಿತಲ್ಲ, ಮಾರನೆಯ ದಿನ ಮುನಿಸಿಪಾಲಿಟಿಗೆ ಹೋಗಿ ಕಾಡಿ ಬೇಡಿ ಪಂಪಿನವನನ್ನು ಕರೆತಂದು ಹೊಡೆಸಿದರು. ಹೊಡೆಸಿದ ಮೇಲೆ ಅವರ ಹುಳಗಳೂ ಸತ್ತವು. ಆಮೇಲೆ ಹುಳಕ್ಕಾಗಿ ಊರಾಚೆಯ ವಿ.ಸಿ. ಫಾರಂ ಗದ್ದೆಗಳ ಕಡೆಗೆ ಸೈಕಲ್ ತುಳಿಯಬೇಕಾಯಿತು.

ಆ ಹುಳದ ಜೊಲ್ಲು ಗ್ರಂಥಿಯಲ್ಲಿ ಲೋಕದಲ್ಲಿ ಅಪರೂಪದ ಒಂದು ವಸ್ತು ಇದೆ. ನಮ್ಮ ಕೋಶಗಳಲ್ಲಿ ಕಣ್ಣಿಗೆ ಹಿಡಿಯದಷ್ಟು ಸಣ್ಣಗಿರುವ ವರ್ಣತಂತು, ಅದೇ ಕ್ರೋಮೋಸೋಮು, ಅಲ್ಲಿ ಸಾವಿರಾರು ಎಳೆ ಸೇರಿ ಹೊಸೆದ ಹಗ್ಗದಂತೆ ದಪ್ಪಗಿರುತ್ತದೆ. ನಾನು ಮೊದಲ ಸಲ ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟಾಗ ಕಂಡದ್ದು ಕೆಂಪು ಅಡ್ಡಪಟ್ಟೆಗಳಿದ್ದ ಒಂದು ಹುರಿ. ಉದ್ದಕ್ಕೂ ಬಿಗಿ. ಒಂದು ಕಡೆ ಮಾತ್ರ ಬಿಗಿ ಸಡಿಲಿ, ನೆಂದ ಹತ್ತಿಯಂತೆ ಉಬ್ಬಿಕೊಂಡಿತ್ತು.

"ಉಬ್ಬಿರೋ ಕಡೆ ಕೆಲಸ ನಡೀತಾ ಇದೆ ಕಣಮ್ಮ" ಎಂದು ಮೇಷ್ಟ್ರು ನನ್ನ ಹಿಂದೆ ನಿಂತು ಹೇಳಿದರು. "ಅಲ್ಲಿರೋ ಜೀನು ಎದ್ದಿದೆ. ಬಿಗಿಯಾಗಿ ಸುತ್ತಿಕೊಂಡಿರೋ ಕಡೆ ಮಲಗಿದೆ. ಮೂರು ದಿನ ಬಿಟ್ಟು ನೋಡು, ಹುಳ ಬೆಳೆದಿರುತ್ತೆ, ಇದು ಮುಚ್ಚಿಕೊಂಡು ಬೇರೆ ಕಡೆ ಉಬ್ಬಿರುತ್ತೆ. ಹುರಿ ಮಾತ್ರ ಅದೇ."

"ಹಾಗಾದ್ರೆ ಉಬ್ಬಿದ್ದರಿಂದ ಕೆಲಸ ಶುರುವಾಯ್ತಾ ಸಾರ್, ಕೆಲಸ ಶುರುವಾಗಿದ್ದಕ್ಕೆ ಉಬ್ಬಿತಾ?" ಎಂದು ನಾನು ಕೇಳಿದೆ. ಸುಮ್ಮನೆ ಬಾಯಿಗೆ ಬಂದದ್ದು. ಮೇಷ್ಟ್ರು ತಲೆಯ ಮೇಲೆ ಕೈಯಿಟ್ಟುಕೊಂಡು ಸ್ಟೂಲಿನ ಮೇಲೆ ಕೂತುಬಿಟ್ಟರು. "ಅದನ್ನೇ ನಾನು ವರ್ಷಗಳಿಂದ ಕೇಳ್ಕೋತಾ ಇದೀನಿ" ಎಂದರು. ಅವತ್ತಿನಿಂದ ನನ್ನ ಮೇಲೆ ಅವರಿಗೆ ಅಭಿಮಾನ. ನನಗೆ ಆ ಅಭಿಮಾನದ ಅರ್ಥವೂ ಆಗಲಿಲ್ಲ, ಪ್ರಶ್ನೆಯ ಅರ್ಥವೂ ಸರಿಯಾಗಿ ಆಗಿರಲಿಲ್ಲ.

ಆ ವರ್ಷ ನಮ್ಮ ಮನೆಯಲ್ಲಿ ಬೇರೆಯೇ ಒಂದು ಗೋಳು ನಡೆದಿತ್ತು.

ನಮ್ಮೂರು ಶಿವಪುರದಲ್ಲಿ ಬಸ್ಸಿಳಿದು ನಡೆಯುವಷ್ಟು ದೂರ. ನಾನು ಮದ್ದೂರಿನಿಂದ ಪ್ಯಾಸೆಂಜರ್ ರೈಲು ಹಿಡಿದು ಕಾಲೇಜಿಗೆ ಹೋಗಿಬರುತ್ತಿದ್ದೆ. ಅಕ್ಕನನ್ನು ಕೊಟ್ಟಿದ್ದುದು ಮಳವಳ್ಳಿ ಕಡೆಗೆ, ಅವ್ವನ ಸ್ವಂತ ತಮ್ಮನಿಗೇ. ನಮ್ಮಲ್ಲಿ ಸೋದರಮಾವ ಇದ್ದರೆ ಹುಡುಗಿಗೆ ಬೇರೆ ಗಂಡು ಹುಡುಕುವುದುಂಟೇ? ಹೀಗಾಗಿ ಅಜ್ಜಿಯೇ ಅಕ್ಕನಿಗೆ ಅತ್ತೆ. ಅಕ್ಕ ಬಾಣಂತನಕ್ಕೆ ನಮ್ಮ ಮನೆಗೆ ಬಂದಳು, ಹೆಣ್ಣು ಮಗುವಾಯಿತು. ಮಗು ದುಂಡಗೆ ಚೆನ್ನಾಗಿಯೇ ಇತ್ತು. ಆದರೆ ಎಡ ಕಂಕುಳಿಂದ ಶುರುವಾಗಿ ಬೆನ್ನಿನ ಮೇಲೆ ಬಿಳುಚಿದ ಪಟ್ಟೆಗಳು, ಸುಣ್ಣದ ಕುಂಚವನ್ನು ಬಳುಕಿಸಿ ಎಳೆದಂತೆ. ಬಲಗಡೆ ಏನೂ ಇಲ್ಲ.

ಒಬ್ಬರು ನಾಗದೋಷ ಎಂದರು. ಇನ್ನೊಬ್ಬರು, ಬಸುರಿ ಗ್ರಹಣದಲ್ಲಿ ಏನೋ ಮಾಡಿರಬೇಕು ಎಂದರು. ಅಕ್ಕ ನಿಜಕ್ಕೂ ಮಾಡಿದ್ದಳು. ಐದು ತಿಂಗಳಾಗಿದ್ದಾಗ, ಗ್ರಹಣ ಹಿಡಿದದ್ದು ಗೊತ್ತಾಗದೆ ಈಳಿಗೆಮಣೆ ಮುಂದೆ ಕೂತು ಬದನೆಕಾಯಿ ಹೆಚ್ಚಿದ್ದಳು. ಅದನ್ನು ನೆನೆದು ನೆನೆದು ಮಗುವಿನ ಬೆನ್ನು ಸವರುತ್ತಾ ಅಳುವಳು. ಅಜ್ಜಿ ಮಾತ್ರ ನಾಗನನ್ನೂ ಗ್ರಹಣವನ್ನೂ ಪಕ್ಕಕ್ಕಿಟ್ಟು, ನೇರವಾಗಿ ತೊನ್ನು ಎಂದಳು. ತೊಟ್ಟಿಲಿಗೆ ಹಾಕುವ ದಿನ ಬಂದು ಮಗುವನ್ನು ಮಗುಚಿ ನೋಡಿ, "ಇದು ನಮ್ಮ ವಂಸದಲ್ಲಿಲ್ಲ. ನಿಮ್ಮಪ್ಪನ ಕಡೇದು" ಎಂದು ಅಪ್ಪನ ಎದುರಿಗೇ ಹೇಳಿ ಹೊರಟುಹೋದಳು. ಐದನೆಯ ತಿಂಗಳಿಗೆ ಬಾಣಂತಿಯನ್ನು ಕರೆದುಕೊಂಡು ಹೋಗಬೇಕಾದವರು ಬರಲಿಲ್ಲ. ಏಳಾಯಿತು, ಎಂಟಾಯಿತು. ಮಾವ ಅಮ್ಮನ ಮಾತು ಮೀರುವವನಲ್ಲ. ಅವನಿಗೆ ಬೇರೆ ಹೆಣ್ಣು ನೋಡುತ್ತಿದ್ದಾರೆ ಎಂಬ ಸುದ್ದಿ ಭಾರತೀನಗರದ ಬಸ್‌ಸ್ಟ್ಯಾಂಡಿನಲ್ಲಿ ಅಪ್ಪನ ಕಿವಿಗೆ ಬಿತ್ತು. ಅಕ್ಕ ಊಟ ಬಿಟ್ಟಳು.

ನಾನು ಇದನ್ನು ಮೇಷ್ಟ್ರಿಗೆ ಹೇಳಬಾರದಿತ್ತೋ ಏನೋ. ಒಂದು ಮಧ್ಯಾಹ್ನ ಪ್ರಯೋಗಶಾಲೆಯಲ್ಲಿ ತಡೆಯಲಾರದೆ, "ಇಂಥದ್ದು ಯಾವ ಕಡೆಯಿಂದ ಬರುತ್ತೆ ಸಾರ್?" ಎಂದು ಕೇಳಿಬಿಟ್ಟೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, ಒಂದು ಕಾಗದದ ಮೇಲೆ ವಂಶವೃಕ್ಷ ಬರೆಯಲು ಕೂತರು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ. ಅಜ್ಜಿಯಿಂದ ಒಂದು ಗೆರೆ ಅವ್ವನಿಗೆ, ಅಲ್ಲಿಂದ ಅಕ್ಕನಿಗೆ. ಅಜ್ಜಿಯಿಂದ ಇನ್ನೊಂದು ಗೆರೆ ಮಾವನಿಗೆ. ಅಕ್ಕ ಮಾವ ಕೂಡಿದರೆ ಮಗು. ಪೆನ್ಸಿಲು ಅಲ್ಲಿಗೆ ನಿಂತಿತು.

"ಅಲ್ಲಮ್ಮ, ಈ ಕೂಸಿಗೆ ನಿಮ್ಮಜ್ಜಿ ಅಜ್ಜಿನೂ ಹೌದು, ಮುತ್ತಜ್ಜಿನೂ ಹೌದು."

"ಹೌದು ಸಾರ್."

"ಯಾವ ಗೆರೆ ಹಿಡಿದು ಹೊರಟರೂ ಆಕೆ ಹತ್ತಿರಕ್ಕೇ ಹೋಗುತ್ತಲ್ಲ. ಹೊರಗಿನವರು ಅಂತ ಇರೋದು ನಿಮ್ಮ ತಂದೆ ಒಬ್ಬರೇ."

"ಅದಕ್ಕೇ ಸಾರ್ ಅವರ ಮೇಲೆ ಹಾಕ್ತಿರೋದು."

ಅವರು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು. ಮೂರು ಸಲ ಅಳಿಸಿ ಬರೆದರು. ಕೊನೆಗೆ ಅದನ್ನು ಮಡಚಿ ಜೇಬಿಗಿಟ್ಟುಕೊಂಡು, ಸೈಕಲ್ ಮರೆತು ನಡೆದೇ ಮನೆಗೆ ಹೋದರು.

ನಾನು ಮೇಷ್ಟ್ರನ್ನು ಕೇಳಿದ್ದು ತಿಳಿದ ಅಪ್ಪ ತಡಮಾಡಲಿಲ್ಲ. ಒಗೆದ ಪಂಚೆ ಉಟ್ಟು, ಅಚ್ಚುಬೆಲ್ಲದ ಗಂಟು ಹಿಡಿದು ಕಾಲೇಜಿಗೇ ಬಂದರು. ಕಾರಿಡಾರಿನಲ್ಲಿ ಮೇಷ್ಟ್ರನ್ನು ತಡೆದು ಕೈ ಮುಗಿದರು.

"ಸ್ವಾಮಿ, ನೀವು ಓದಿದೋರು. ನಮ್ಮತ್ತೆ ನಿಮ್ ಮಾತು ಕೇಳ್ತಳೆ. ಒಂದಪ ಬಂದು, ಇದು ಇವನ ಕಡೇದಲ್ಲ ಅಂತ ಒಂದ್ ಮಾತು ಹೇಳ್ಬುಡಿ. ನನ್ ಮಗಳ ಬದುಕು ಉಳೀತದೆ."

"ಬರ್ತೀನಿ" ಎಂದರು ಮೇಷ್ಟ್ರು. "ಆದರೆ ಏನು ಹೇಳ್ತೀನೋ ನನಗೇ ಗೊತ್ತಿಲ್ಲ."

ಅಪ್ಪ ಅದನ್ನು ದೊಡ್ಡವರ ವಿನಯ ಎಂದುಕೊಂಡರು.

ಭಾನುವಾರ ಬಂದರು. ಮರದ ಪೆಟ್ಟಿಗೆಯಲ್ಲಿದ್ದ ಮೈಕ್ರೋಸ್ಕೋಪನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದಿದ್ದರು, ಜೇಬಿನಲ್ಲಿ ಹಾರ್ಲಿಕ್ಸ್ ಶೀಶೆ. ಅಪ್ಪ ಹೇಳಿಕಳಿಸಿದ್ದರಿಂದ ಅಜ್ಜಿಯೂ ಮಾವನೂ ಮಳವಳ್ಳಿ ಕಡೆಯಿಂದ ಬಂದು ಜಗುಲಿಯ ಮೇಲೆ ಕೂತಿದ್ದರು. ಪೂಜೆಯವರ ಮನೆಯವರಲ್ಲವೇ, ನಮ್ಮಲ್ಲಿ ಉಣ್ಣುವುದಿಲ್ಲ ಎಂದು ಅವ್ವ ಹಾಲು ಬಾಳೆಹಣ್ಣು ತಂದಿಟ್ಟಳು. ಮೇಷ್ಟ್ರ ಗಮನ ಅತ್ತ ಇರಲಿಲ್ಲ. ಮಗುವನ್ನು ಕವುಚಿ ಮಲಗಿಸಿಕೊಂಡು, ಕೆಂಪು ಬೆರಳಿನಿಂದ ಪಟ್ಟೆಯ ಅಂಚನ್ನು ಮುಟ್ಟದೆ ಮುಟ್ಟದೆ ಹಿಂಬಾಲಿಸುತ್ತಿದ್ದರು. ಬೆನ್ನುಮೂಳೆಯ ಗೆರೆಗೆ ಬಂದು ಬೆರಳು ನಿಂತಿತು. ಪಟ್ಟೆಯೂ ಅಲ್ಲಿಗೇ ನಿಂತಿತ್ತು, ದಾರ ಹಿಡಿದು ಗೆರೆ ಎಳೆದಂತೆ.

"ನೋಡಿ" ಎಂದರು ಅಕ್ಕನ ಕಡೆ ತಿರುಗಿ. "ಇದು ತೊನ್ನಲ್ಲ ಅನ್ಸುತ್ತೆ. ತೊನ್ನು ಸಾಮಾನ್ಯವಾಗಿ ಹೀಗೆ ನಡುವಿನ ಗೆರೆ ನೋಡಿಕೊಂಡು ನಿಲ್ಲಲ್ಲ. ಈ ಮಗು ನಿಮ್ಮ ಹೊಟ್ಟೆಯಲ್ಲಿ ಸಾಸಿವೆಕಾಳಿಗಿಂತ ಚಿಕ್ಕದಾಗಿದ್ದಾಗ ಒಂದೇ ಒಂದು ಕೋಶದಲ್ಲಿ ಏನೋ ಆಗಿದೆ. ಆ ಕೋಶದ ಮಕ್ಕಳು ಮೊಮ್ಮಕ್ಕಳೆಲ್ಲ ಅದನ್ನ ನೆನಪಿಟ್ಟುಕೊಂಡು ಹೀಗೆ ಸಾಲಾಗಿ ಬೆಳೆದಿವೆ."

ಅಕ್ಕ ಎಂಟು ತಿಂಗಳಲ್ಲಿ ಮೊದಲ ಸಲ ಪರರ ಮುಂದೆ ಬಾಯಿಬಿಟ್ಟಳು. "ಅಷ್ಟು ಚಿಕ್ಕದಾಗಿದ್ದಾಗ ಅಂದ್ರೆ, ನಾನು ಬಸುರಿ ಅಂತ ನಂಗೇ ಗೊತ್ತಾಗೋಕೆ ಮುಂಚೆನಾ ಮೇಷ್ಟ್ರೇ?"

"ಹೆಚ್ಚುಕಮ್ಮಿ ಹಾಗೇ."

"ಅಂಗಾರೆ ಗ್ರಹಣದಲ್ಲಿ ಬದನೆಕಾಯಿ ಹೆಚ್ಚಿದ್ದಕ್ಕಲ್ವಾ?"

"ಗ್ರಹಣ ಬರೋ ಹೊತ್ತಿಗೆ ಆಗಬೇಕಾದ್ದು ಆಗಿಹೋಗಿತ್ತಮ್ಮ." ಅಷ್ಟಕ್ಕೇ ನಿಲ್ಲಿಸಬಾರದೇ? ಅಕ್ಕನ ಮುಖ ಈಗಷ್ಟೇ ತುಸು ಬಿಚ್ಚಿಕೊಳ್ಳುತ್ತಿತ್ತು. ಮೇಷ್ಟ್ರು ಗದ್ದ ತುರಿಸಿಕೊಂಡು, "ಅಂತ ನನಗನ್ನಿಸುತ್ತೆ. ಖಚಿತವಾಗಿ ಹೇಳಿದರೆ ತಪ್ಪಾಗುತ್ತೆ" ಎಂದು ಸೇರಿಸಿದರು. ನನಗೆ ಅವರ ಬಾಯಿ ಮುಚ್ಚಬೇಕು ಎನ್ನಿಸಿತು.

ಆಮೇಲೆ ಅವರು ಮಾಡಿದ ಕೆಲಸ ದೇವರಿಗೇ ಪ್ರೀತಿ. ಬಿಸಿಲು ಚೆನ್ನಾಗಿದ್ದ ಕಡೆ ಮೈಕ್ರೋಸ್ಕೋಪು ಇಟ್ಟು, ಕನ್ನಡಿ ತಿರುಗಿಸಿ, ಶೀಶೆಯಿಂದ ಹುಳ ತೆಗೆದು, ತಲೆ ಕಿತ್ತು, ಗ್ರಂಥಿ ಬಿಡಿಸಿ, ಬಣ್ಣ ಹಾಕಿ ಒತ್ತಿ, ಅಜ್ಜಿಯನ್ನು ಬಂದು ನೋಡಿ ಎಂದು ಕರೆದರು. ಅಜ್ಜಿ ಶೀಶೆ ನೋಡಿದಳು. ಕೆಸರು ನೋಡಿದಳು.

"ಅದೇನ್ ಮೇಷ್ಟ್ರೇ ಅದು?"

"ಚರಂಡಿ ಹುಳ ಅಜ್ಜಿ."

"ಚರಂಡಿ ಹುಳಾನ ಬಾಣ್ತಿ ಮನೆಗೆ ತಂದಿದ್ದೀರಾ? ಅಂದ್ರೆ ನಮ್ ಕೂಸಿಗೆ ಬಂದಿರೋದು ಈ ಹುಳದಿಂದ್ಲಾ?"

ಮೇಷ್ಟ್ರು ಅಲ್ಲ ಎಂದರು. ಹಾಗಾದರೆ ಯಾಕೆ ತಂದಿರಿ ಎಂದಳು. ಹುಳದಲ್ಲೂ ಮಗುವಿನಲ್ಲೂ ಇರುವ ಹುರಿ ಒಂದೇ ಬಗೆಯದು ಎಂದರು. ನಮ್ಮ ಕೂಸಿನ ಮೈಯಲ್ಲಿ ಹುಳ ಐತೆ ಅಂತೀರಾ ಎಂದಳು. ಮಾವ ಎದ್ದು ನಿಂತ. ಅವ್ವ ಅಳಲು ಶುರುಮಾಡಿದಳು. ನಾನು ನಡುವೆ ಬಾಯಿ ಹಾಕಿ ಬಿಡಿಸಿ ಹೇಳಲು ಹೋಗಿ, ಕ್ರೋಮೋಸೋಮು ಎಂಬ ಮಾತಿಗೆ ಸಿಕ್ಕಿಬಿದ್ದು, ನನಗೇ ಏನೂ ಗೊತ್ತಿಲ್ಲವೆಂದು ಆ ಜಗುಲಿಯ ಮೇಲೆ ಕಂಡುಕೊಂಡೆ. ಅಜ್ಜಿಗೆ ಮಾತ್ರ ನೋಡದೆ ಬಿಡುವ ಮನಸ್ಸಿರಲಿಲ್ಲ. ಮೂಗು ಮುಚ್ಚಿಕೊಂಡು ಬಗ್ಗಿ ಒಂದು ಕಣ್ಣಿಟ್ಟಳು. ಬಹಳ ಹೊತ್ತು ನೋಡಿದಳು.

"ಹುರಿ ಕಾಣ್ತದೆ. ಒಂದ್ ಕಡೆ ಬಿಚ್ಕೊಂಡಂಗದೆ."

"ಅದೇ ಅಜ್ಜಿ. ಬಿಚ್ಚಿಕೊಂಡಿರೋ ಕಡೆ ಇರೋದು ಕೆಲಸಕ್ಕೆ ಬರುತ್ತೆ. ಬಿಗಿದಿರೋ ಕಡೆನೂ ಎಲ್ಲ ಇದೆ, ಆದರೆ ಇದ್ದೂ ಇಲ್ಲ. ಮಗುವಿನ ಆ ಪಟ್ಟೆಯಲ್ಲೂ ಬಣ್ಣದ್ದು ಇರಬಹುದು. ಬಿಗಿದು ಮುಚ್ಚಿಹೋಗಿರಬಹುದು."

"ಹಗೇವಿನಲ್ಲಿರೋ ರಾಗಿ ಇದ್ದಂಗೆ" ಎಂದಳು ಅಜ್ಜಿ. ನೆಲದಡಿಯ ಕಣಜ ಅದು. ಬಾಯಿಗೆ ಚಪ್ಪಡಿ ಹಾಕಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ರಾಗಿ ಒಳಗೇ ಇರುತ್ತದೆ.

ಮೇಷ್ಟ್ರ ಮುಖ ಬೆಳಗಿತು. "ಹಾಗೇ ಅಜ್ಜಿ, ಹಾಗೇ."

"ಸರಿ ಮತ್ತೆ. ತೆಗೆಸಿ."

"ಏನನ್ನ?"

"ಹಗೇವಿನ ಬಾಯ. ನೀವೇ ಏಳ್ತಿದ್ದೀರಲ್ಲ, ಒಳಗದೆ ಅಂತ. ತೆಗೆಸ್ಬುಡಿ, ಬಣ್ಣ ಬರ್ಲಿ."

"ಅದು ಯಾರಿಗೂ ಬರಲ್ಲ ಅಜ್ಜಿ."

"ಅಂಗಾರೆ ಮುಚ್ಚಿದೋರು ಯಾರು? ಅದನ್ನಾರ ಏಳಿ. ನಮ್ ಕಡೆಯೋರಾ, ಇವನ ಕಡೆಯೋರಾ?"

ಅಪ್ಪ ಮೇಷ್ಟ್ರ ಮುಖವನ್ನೇ ನೋಡುತ್ತಿದ್ದರು. ಇದೇ ಒಂದು ಮಾತಿಗಾಗಿ ಅವರನ್ನು ಕರೆಸಿದ್ದು. ಅಕ್ಕ ಬಾಗಿಲ ಮರೆಯಲ್ಲಿ ಮಗುವನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಮೇಷ್ಟ್ರು ಜೇಬಿನಿಂದ ಆ ಮಡಚಿದ ಕಾಗದ ತೆಗೆದು ನೋಡಿ, ಮತ್ತೆ ಒಳಗಿಟ್ಟರು.

"ನನಗೆ ಗೊತ್ತಿಲ್ಲ ಅಜ್ಜಿ" ಎಂದರು. "ಯಾವ ಕಡೆಯಿಂದಲೂ ಬರದೆ ತಾನೇ ಆಗಿದ್ದೂ ಇರಬಹುದು. ಇಪ್ಪತ್ತು ವರ್ಷದಿಂದ ಇದನ್ನೇ ಓದ್ತಿದೀನಿ. ನನಗಿಂತ ಬಹಳ ಓದಿದವರು ಲೋಕದಲ್ಲಿದ್ದಾರೆ, ಅವರಿಗೂ ಗೊತ್ತಿಲ್ಲ. ಗೊತ್ತು ಅಂತ ಹೇಳಿದರೆ ಈ ಮಗುವಿಗೆ ಮೋಸ ಮಾಡಿದ ಹಾಗಾಗುತ್ತೆ."

ಅಜ್ಜಿ ಎದ್ದಳು. ಮಾವನಿಗೆ ಕಣ್ಸನ್ನೆ ಮಾಡಿ, ಬಸ್ಸಿನ ದಾರಿ ಹಿಡಿದಳು. ಅಪ್ಪನ ಸಿಟ್ಟು ನೆತ್ತಿಗೇರಿತು. "ಒಂದ್ ಮಾತು ಹೇಳ್ಬುಟ್ಟಿದ್ರೆ ನಿಮ್ ಗಂಟೇನೋಯ್ತಿತ್ತು ಸ್ವಾಮಿ?" ಎಂದು ಕೇಳಿಯೇ ಬಿಟ್ಟರು.

"ನಿಮ್ಮ ಕಡೆಯದಲ್ಲ ಅಂದರೆ ಅವರು ಸುಮ್ಮನಿರ್ತಿರಲಿಲ್ಲ ಗೌಡರೇ" ಎಂದರು ಮೇಷ್ಟ್ರು ಗಾಜಿನ ಚೂರು ಒರೆಸುತ್ತಾ. "ಮತ್ಯಾರದು ಅಂತ ಹುಡುಕೋರು. ಆಗ ಬೆರಳು ತೋರಿಸೋಕೆ ಉಳಿಯೋದು ನಿಮ್ಮ ಮಗಳೊಬ್ಬಳೇ." ಅಷ್ಟು ಹೇಳಿ, ಹತ್ತಿರವಿದ್ದ ತಟ್ಟೆಯನ್ನು ಎಳೆದುಕೊಂಡು ಉಣ್ಣತೊಡಗಿದರು. ಅದು ಅಪ್ಪನಿಗೆಂದು ಬಡಿಸಿಟ್ಟಿದ್ದ ಮುದ್ದೆ, ಹುರುಳಿಕಾಳು ಸಾರು. ಹಾಲು ಬಾಳೆಹಣ್ಣು ಹಾಗೇ ಉಳಿಯಿತು. ಅವರು ಏನು ಉಣ್ಣುತ್ತಿದ್ದಾರೆಂಬುದು ಅವರಿಗೆ ತಿಳಿದಿತ್ತೋ ಇಲ್ಲವೋ, ನಮಗ್ಯಾರಿಗೂ ಕೇಳುವ ಧೈರ್ಯವಾಗಲಿಲ್ಲ.

ಆ ವಾರ ನಾನು ಅವರ ಕ್ಲಾಸಿಗೆ ಹೋಗಲಿಲ್ಲ. ಸಿಟ್ಟು ಅವರ ಮೇಲೋ ನನ್ನ ಮೇಲೋ ಅಜ್ಜಿಯ ಮೇಲೋ ಗೊತ್ತಾಗದಂಥ ಸಿಟ್ಟು. ಅಕ್ಕ ಮಾತ್ರ ಉಣ್ಣಲು ಶುರುಮಾಡಿದ್ದಳು. ಮುಟ್ಟುವುದನ್ನೇ ಬಿಟ್ಟು ಅಟ್ಟಕ್ಕೆ ಹಾಕಿಸಿದ್ದ ಈಳಿಗೆಮಣೆಯನ್ನು ತಾನೇ ಇಳಿಸಿಕೊಂಡು ಅಡಿಗೆಗೆ ಕೂತಳು.

ಮುಂದಿನ ಸೋಮವಾರ ಬೆಳಗ್ಗೆ ಬಾಗಿಲಿಗೆ ಎತ್ತಿನ ಗಾಡಿ ಬಂದು ನಿಂತಿತು. ಅಜ್ಜಿ ಇಳಿದಳು, ಹಿಂದೆ ಮಾವ. ಮಡಿಲಕ್ಕಿಗೆ ಬೇಕಾದ್ದೆಲ್ಲ ಅವಳೇ ತಂದಿದ್ದಳು. ಅಪ್ಪನಿಗೆ ನಂಬಿಕೆ ಬಾರದೆ, "ಏನತ್ತೆ, ಯಾವ ಶಾಸ್ತ್ರದೋನು ಏನ್ ಹೇಳ್ದ?" ಎಂದರು.

"ಸಾಸ್ತ್ರದೋನ್ಗೂ ಗೊತ್ತು, ಕಣಿ ಏಳೋಳ್ಗೂ ಗೊತ್ತು" ಎಂದಳು ಅಜ್ಜಿ. "ಒಬ್ರು ನಾಗ ಅಂದ್ರು, ಒಬ್ರು ಗ್ರಹಣ ಅಂದ್ರು, ನಾನು ನಿನ್ ಕಡೆ ಅಂದೆ. ಎಲ್ರಿಗೂ ಗೊತ್ತು ಕಣಪ್ಪ. ಅಷ್ಟು ಓದಿರೋ ಮನುಸ ನನ್ ಮುಂದೆ ಕೂತ್ಕಂಡು ಗೊತ್ತಿಲ್ಲ ಅಂದ. ನಂಗೆ ಊಟ ಸೇರ್ನಿಲ್ಲ. ಅವನ್ಗೇ ಗೊತ್ತಿಲ್ದಿದ್ಮೇಲೆ ನನ್ ಮೊಮ್ಮಗಳ್ನ ಬಾಗ್ಲಾಚೆ ನಿಲ್ಸಕ್ಕೆ ನಾನ್ಯಾರು? ತಕಂಬಾ ಕೂಸ್ನ."

ಅಕ್ಕ ಮಗುವನ್ನು ತಂದು ಅವಳ ಕೈಗಿಟ್ಟಳು. ಗಾಡಿ ಹೋದ ಮೇಲೆ ಅಪ್ಪ ಜಗುಲಿಯ ಮೇಲೆ ಕೂತು ಟವೆಲಿನಿಂದ ಮುಖ ಒರೆಸಿಕೊಂಡರು.

ನಾನು ಕಾಲೇಜಿಗೆ ಓಡಿಹೋಗಿ ಮೇಷ್ಟ್ರಿಗೆ ಹೇಳಿದೆ. ಅವರು ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ಪಟ್ಟರು, ಇಲ್ಲವೆಂದಲ್ಲ. ಆದರೆ ಆ ಸಂತೋಷದ ನಡುವೆಯೇ ಹುಬ್ಬು ಗಂಟಿಕ್ಕಿ, "ಆಕೆ ಸಾಸಿವೆಕಾಳಿನ ಮಾತಿಗೆ ಒಪ್ಪಿದ್ರಾ, ಹುರಿ ನೋಡಿ ಒಪ್ಪಿದ್ರಾ?" ಎಂದು ಕೇಳಿದರು. ಎರಡೂ ಅಲ್ಲ ಸಾರ್ ಎಂದೆ. "ಮತ್ತೆ?" ಎಂದರು. ಅಜ್ಜಿಯಲ್ಲಿ ಏನು ಬಿಗಿದಿತ್ತು, ಏನು ಸಡಿಲಿತು, ಸಡಿಲಿದ್ದರಿಂದ ಬಂದಳೋ ಬಂದದ್ದರಿಂದ ಸಡಿಲಿದಳೋ, ಇವತ್ತಿಗೂ ನನಗೆ ಬಗೆಹರಿದಿಲ್ಲ. ಅದಾದ ಮೇಲೂ ಪ್ರತಿ ಗ್ರಹಣಕ್ಕೂ ಬಸುರಿಯರನ್ನು ಒಳಗೆ ಕೂರಿಸಿ ಬಾಗಿಲು ಹಾಕುತ್ತಿದ್ದವಳು ಅವಳೇ.

ನಾನು ಡಿಗ್ರಿ ಮುಗಿಸಿ, ಬಿ.ಎಡ್. ಮಾಡಿ, ಮಳವಳ್ಳಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಲು ಸೇರಿದೆ. ಇದ್ದದ್ದು ಅಜ್ಜಿಯ ಮನೆಯಲ್ಲೇ. ನಡುವೆ ಒಂದು ಸಲ ಮಂಡ್ಯದಲ್ಲಿ ಮೇಷ್ಟ್ರನ್ನು ಕಂಡಿದ್ದೆ. ಬಹಳ ಸಡಗರದಲ್ಲಿದ್ದರು. ಆ ಹುರಿಯನ್ನು ಇನ್ನೂ ದೊಡ್ಡದು ಮಾಡಿ ನೋಡಿದರೆ, ದಾರವನ್ನು ಮಣಿಗಳಿಗೆ ಸುತ್ತಿಟ್ಟಂತೆ ಕಾಣುತ್ತದೆಂದು ಹೊರದೇಶದವರು ಬರೆದಿದ್ದಾರೆ ಎಂದು ರಸ್ತೆಯ ನಡುವೆ ನಿಲ್ಲಿಸಿಕೊಂಡು ಹೇಳಿದರು. ಲಾರಿಯವನು ಹಾರನ್ ಹೊಡೆಯುತ್ತಿದ್ದ. "ಅಂದರೆ ಎಲ್ಲ ಗೊತ್ತಾಯ್ತಾ ಸಾರ್?" ಎಂದೆ. "ಎಲ್ಲಿ ಬಂತು? ಮಣಿ ಬಿಚ್ಚೋದು ಯಾರು?" ಎಂದು ನಕ್ಕರು. ಮಗು ಹೇಗಿದೆ ಎಂದು ಕೇಳಿದರು. ಓಡಾಡುತ್ತೆ ಸಾರ್, ಬಾಯಿ ಬಹಳ ಎಂದೆ.

ನಾನು ಈಗ ಮಕ್ಕಳಿಗೆ ಹಲಗೆಯ ಮೇಲೆ ಬರೆದದ್ದನ್ನು ಅಳಿಸುವುದಿಲ್ಲ. ಅಷ್ಟು ಧೈರ್ಯ ನನಗೆ ಬಂದಿಲ್ಲ. ಆದರೆ ಮಗುವೊಂದು ಕೇಳಿದ್ದಕ್ಕೆ ಉತ್ತರ ಬಾರದಿದ್ದಾಗ ಬೈದು ಕೂರಿಸದೆ, ನನಗೆ ಗೊತ್ತಿಲ್ಲ ಎನ್ನಲು ಕಲಿತಿದ್ದೇನೆ. ಅಷ್ಟನ್ನು ಕಲಿತದ್ದು ಅವರಿಂದ.

ಅವರು ತೀರಿಕೊಂಡ ಸುದ್ದಿ ನನಗೆ ಬಸ್ಸಿನಲ್ಲಿ ಸಿಕ್ಕಿತು. ಕಾಲೇಜಿನಲ್ಲಿ ನನ್ನ ಜೊತೆ ಓದಿದವಳೊಬ್ಬಳು ಹತ್ತಿದಳು, ಹೇಳಿದಳು. ಪ್ರಯೋಗಶಾಲೆಯಲ್ಲೇ ಎದೆನೋವು ಬಂದು ಕುಸಿದರಂತೆ, ಆಸ್ಪತ್ರೆಗೆ ಹೋಗುವಷ್ಟರಲ್ಲಿ ಮುಗಿದಿತ್ತಂತೆ. ಮೂರು ದಿನವಾಗಿತ್ತು. ನಾನು ಮನೆಗೆ ಬಂದು ಚೀಲ ಕೆಳಗಿಟ್ಟೆ. ಅಜ್ಜಿ ಅಂಗಳದಲ್ಲಿ ಮೊರ ಹಿಡಿದು ಕಾಳು ಕೇರುತ್ತಿದ್ದಳು, ಮಗು ಪಕ್ಕದಲ್ಲಿ ಹಾರಿದ ಹೊಟ್ಟನ್ನು ಹಿಡಿಯುತ್ತಿತ್ತು. ವಿಷಯ ಹೇಳಿದೆ. ಅಜ್ಜಿ ಮೊರವನ್ನು ಗೋಡೆಗೆ ಒರಗಿಸಿ, ಮೊಣಕಾಲು ಹಿಡಿದುಕೊಂಡು ಎದ್ದು, ಬಚ್ಚಲಿಗೆ ಹೋಗಿ ಕಲ್ಲಿನ ಮೇಲೆ ಕೂತಳು.

"ಬಾರವ್ವ, ತಲೆ ಮ್ಯಾಕೆ ನೀರು ಉಯ್ಯಿ."

ಸತ್ತ ಸುದ್ದಿ ಕೇಳಿ ತಲೆಗೆ ನೀರು ಹುಯ್ದುಕೊಳ್ಳುವುದು ರಕ್ತಸಂಬಂಧದವರು. ಅವಳ ವಯಸ್ಸಿಗೆ ಸಂಜೆಯ ತಣ್ಣೀರು ಬೇರೆ. "ಅಜ್ಜಿ, ಅವರು ನಮ್ಮೋರಲ್ಲ. ನಮಗೆ ಸೂತಕ ಬರಲ್ಲ" ಎಂದೆ.

"ನೀನು ಉಯ್ಯಿ."

ಮಗು ಬಚ್ಚಲ ಬಾಗಿಲಿಗೆ ಬಂದು ನಿಂತಿತು. ಅಂಗಿ ಹಾಕಿರಲಿಲ್ಲ. ಎಡಗಡೆಯ ಪಟ್ಟೆಗಳು ಅವಳ ಜೊತೆಗೇ ಬೆಳೆದಿದ್ದವು.

"ಯಾರಜ್ಜಿ ಸತ್ತೋದ್ರು?"

ಅಜ್ಜಿ ಸೆರಗು ಕಳಚಿ ಜಡೆ ಬಿಚ್ಚಿದಳು. "ನಿಮ್ ತಾತ ಕಣವ್ವ" ಎಂದಳು.

ಮಗು ಒಳಗೆ ಗೋಡೆಯ ಮೇಲಿದ್ದ, ಎಂದೋ ತೀರಿಹೋದ ತನ್ನ ತಾತನ ಫೋಟೋದ ಕಡೆ ತಿರುಗಿ ನೋಡಿತು, ನನ್ನ ಮುಖ ನೋಡಿತು. ನಾನು ಚೊಂಬು ಬಗ್ಗಿಸಿ ಅಜ್ಜಿಯ ತಲೆಯ ಮೇಲೆ ನೀರು ಹುಯ್ದೆ.